ಮೋಟಾರ್ ಡ್ರೈವ್ ಇಂಟರ್‌ಫೇಸ್ ಬೋರ್ಡ್‌ಗೆ ಲಾಜಿಕ್ ಪವರ್ ಸಪ್ಲೈ: 24 ವೋಲ್ಟ್‌ನಿಂದ 5ಕ್ಕೆ, 5ರಿಂದ 3.3ಕ್ಕೆ

ಕಂಪ್ಯೂಟರ್‌ಗೂ ಮೋಟಾರ್ ಡ್ರೈವ್‌ಗಳಿಗೂ ನಡುವೆ ಕೂರುವ ನನ್ನ ಮೊದಲ ಇಂಟರ್‌ಫೇಸ್ ಬೋರ್ಡ್‌ನಲ್ಲಿ ಪವರ್ ಸಪ್ಲೈಗೆ ನಾನು ಕೊಟ್ಟ ಸಮಯ ಹತ್ತು ನಿಮಿಷ. 24 ವೋಲ್ಟ್ ಇದೆ, 5 ವೋಲ್ಟ್ ಬೇಕು, ಒಂದು 7805 (ಹೆಚ್ಚಿನ ವೋಲ್ಟೇಜ್ ಅನ್ನು ಬಿಸಿಯಾಗಿ ಸುಟ್ಟು 5ಕ್ಕೆ ಇಳಿಸುವ ಲೀನಿಯರ್ ರೆಗ್ಯುಲೇಟರ್) ಹಾಕಿದರಾಯ್ತು ಅಂದುಕೊಂಡಿದ್ದೆ. ಮೇಜಿನ ಮೇಲೆ ಚೆನ್ನಾಗಿಯೇ ಓಡಿತು. ಮೆಷಿನ್‌ಗೆ ಕೂರಿಸಿ ಮೂರು ಎನ್‌ಕೋಡರ್ (ಆಕ್ಸಿಸ್ ಎಷ್ಟು ಸರಿಯಿತು ಅಂತ ಎಣಿಸಲು ಇರುವ ಸೆನ್ಸರ್) ಜೋಡಿಸಿದ್ದೇ ತಡ, ಐದು ನಿಮಿಷಕ್ಕೆ ಬೋರ್ಡ್ ಆಫ್. ತಣ್ಣಗಾದ ಮೇಲೆ ತಾನೇ ಆನ್. ಮತ್ತೆ ಆಫ್. ಪ್ರತಿ ಸಲ ಆನ್ ಆಗುವಾಗಲೂ ಎಕ್ಸ್ ಆಕ್ಸಿಸ್ ಒಂದು ಸಣ್ಣ ಜಿಗಿತ ಹಾಕುತ್ತಿತ್ತು. ರೆಗ್ಯುಲೇಟರ್ ಮುಟ್ಟಿ ಬೆರಳು ಸುಟ್ಟುಕೊಂಡಿದ್ದು ಬೇಗ ಮರೆತುಹೋಯ್ತು. ಆ ಜಿಗಿತ ಮಾತ್ರ ಮರೆಯಲಿಲ್ಲ.

5 ವೋಲ್ಟ್ ಕೊಡೋದು ಕಷ್ಟದ ಕೆಲಸವಲ್ಲ. ಕರೆಂಟ್ ಬರುವಾಗ, ಹೋಗುವಾಗ, ಅರ್ಧಕ್ಕೆ ಕುಸಿದಾಗ, ಯಾರೋ ಪ್ಲಸ್ ಮೈನಸ್ ಅದಲು ಬದಲು ಮಾಡಿದಾಗ ಬೋರ್ಡ್ ಹೇಗೆ ನಡೆದುಕೊಳ್ಳುತ್ತದೆ ಅನ್ನೋದೇ ನಿಜವಾದ ಡಿಸೈನ್. ಈ ಲೇಖನದಲ್ಲಿ ಆ ಕೆಟ್ಟ ಗಳಿಗೆಗಳಿಂದಲೇ ಲೆಕ್ಕ ಶುರು ಮಾಡೋಣ.

ಉದಾಹರಣೆಗೆ ಒಂದು ಮೂರು ಆಕ್ಸಿಸ್‌ನ ರೂಟರ್ ಮೆಷಿನ್ ಇಟ್ಟುಕೊಳ್ಳುತ್ತೇನೆ. 48 ವೋಲ್ಟ್‌ನ ಮೂರು ಸ್ಟೆಪ್ಪರ್ ಡ್ರೈವ್, ಆಕ್ಸಿಸ್‌ಗೆ ಒಂದರಂತೆ 5 ವೋಲ್ಟ್‌ನ ಎನ್‌ಕೋಡರ್, ಟೂಲ್ ತಿರುಗಿಸುವ ಸ್ಪಿಂಡಲ್‌ಗೆ ಒಂದು ವಿಎಫ್‌ಡಿ (ಅದರ ಮೋಟಾರ್ ವೇಗ ಬದಲಿಸುವ ಡ್ರೈವ್). ಬೋರ್ಡ್ ಮೇಲೆ ಎಸ್‌ಟಿಎಂ32 ಕಂಟ್ರೋಲರ್, ಕಂಪ್ಯೂಟರ್ ಜೊತೆ ಮಾತಾಡಲು ಡಬ್ಲ್ಯು5500 ಎತರ್‌ನೆಟ್ ಚಿಪ್. ನಿಮ್ಮ ಮೆಷಿನ್ ಬೇರೆ ಇರಬಹುದು. ಅಂಕಿ ಬದಲಾಗುತ್ತದೆ, ಹೆಜ್ಜೆ ಬದಲಾಗಲ್ಲ.

ಹೆಜ್ಜೆ 1: ಕರೆಂಟ್ ಎಲ್ಲಿಂದ ತರಬೇಕು

48 ವೋಲ್ಟ್ ಹೇಗೂ ಇದೆಯಲ್ಲ, ಅದರಿಂದಲೇ 5 ವೋಲ್ಟ್ ಇಳಿಸೋಣ ಅನ್ನೋ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಎರಡು ಕಾರಣ ಇದೆ.

ಒಂದು, ವೇಗವಾಗಿ ಓಡುತ್ತಿರುವ ಆಕ್ಸಿಸ್ ಬ್ರೇಕ್ ಹಾಕಿದಾಗ ಮೋಟಾರ್ ಆ ಕ್ಷಣಕ್ಕೆ ಜನರೇಟರ್ ಆಗುತ್ತದೆ. ಅದು ಹಿಂದಕ್ಕೆ ತಳ್ಳಿದ ಶಕ್ತಿ ಡ್ರೈವ್‌ನ ಕೆಪಾಸಿಟರ್‌ಗಳಿಗೆ ಸೇರಿ 48 ವೋಲ್ಟ್ ಮೇಲಕ್ಕೇರುತ್ತದೆ. ಭಾರದ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಸರಿಯುವ ಚೌಕಟ್ಟು) ಇದ್ದಷ್ಟೂ ಏರಿಕೆ ಜಾಸ್ತಿ. ಅಂಥ ಲೈನ್‌ಗೆ ಲಾಜಿಕ್ ಸಪ್ಲೈ ಕಟ್ಟೋದು ಗೂಳಿಯ ಬಾಲಕ್ಕೆ ಗಂಟೆ ಕಟ್ಟಿದಂತೆ.

ಎರಡು, ಎಮರ್ಜೆನ್ಸಿ ಸ್ಟಾಪ್ ಒತ್ತಿದಾಗ ಮೋಟಾರ್ ಪವರ್ ಹೋಗಬೇಕು. ಆದರೆ ಎನ್‌ಕೋಡರ್ ಎಣಿಕೆ ಉಳಿಯಬೇಕು. ಲಾಜಿಕ್‌ಗೆ ಬೇರೆ ಸಪ್ಲೈ ಇದ್ದರೆ ಸ್ಟಾಪ್ ಒತ್ತಿದ ಮೇಲೂ ಮೆಷಿನ್‌ಗೆ ತಾನು ಎಲ್ಲಿದ್ದೇನೆ ಅನ್ನೋದು ಗೊತ್ತಿರುತ್ತದೆ.

ಆದ್ದರಿಂದ ಪ್ಯಾನೆಲ್‌ನಲ್ಲಿ ಲಾಜಿಕ್‌ಗೆಂದೇ ಒಂದು 24 ವೋಲ್ಟ್ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇಡಿ. ಕಾರ್ಖಾನೆಯ 24 ವೋಲ್ಟ್ ಅಂದರೆ 24 ಅಲ್ಲ. ಕೆಳಗೆ ಶೇ 15, ಮೇಲೆ ಶೇ 20 ಲೆಕ್ಕ ಹಿಡಿಯುವುದು ರೂಢಿ. ಅಂದರೆ 20.4ರಿಂದ 28.8 ವೋಲ್ಟ್‌ವರೆಗೆ ಬೋರ್ಡ್ ಯಾವ ತಕರಾರೂ ಇಲ್ಲದೆ ಓಡಬೇಕು. 28 ವೋಲ್ಟ್‌ಗೇ ಮಿತಿ ಮುಗಿಯುವ ಪುಟ್ಟ ಮಾಡ್ಯೂಲ್‌ಗಳು ಇಲ್ಲೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಎಮರ್ಜೆನ್ಸಿ ಸ್ಟಾಪ್‌ನ ವೈರಿಂಗ್ ಈ ಬೋರ್ಡ್‌ನ ಲಾಜಿಕ್ ಮೂಲಕ ಹಾಯಬಾರದು. ಅದು ನೇರವಾಗಿ ಕಾಂಟ್ಯಾಕ್ಟರ್‌ಗೋ ಸೇಫ್ಟಿ ರಿಲೇಗೋ ಹೋಗಲಿ. ಸ್ಟಾಪ್ ಒತ್ತಲಾಗಿದೆ ಅನ್ನೋ ಸುದ್ದಿ ಮಾತ್ರ ಬೋರ್ಡ್‌ಗೆ ಬಂದರೆ ಸಾಕು.

ಹೆಜ್ಜೆ 2: ಯಾರಿಗೆ ಎಷ್ಟು ಕರೆಂಟ್

ಒಂದು ಹಾಳೆ ತಗೊಂಡು 5 ವೋಲ್ಟ್ ಕುಡಿಯುವವರ ಪಟ್ಟಿ ಬರೆಯಿರಿ. ಇಲ್ಲಿ ಸುಮ್ನೆ ಅಂದಾಜು ಹೊಡೆಯಬೇಡಿ.

ಎನ್‌ಕೋಡರ್ ಕ್ಯಾಟಲಾಗ್‌ನಲ್ಲಿ 80 ಮಿಲಿಆಂಪ್ ಅಂತ ಬರೆದಿದೆ ಅಂದುಕೊಳ್ಳಿ. ಬಹಳ ಸಲ ಅದು ಲೋಡ್ ಇಲ್ಲದಾಗಿನ ಅಂಕಿ. ನಾವು ರಿಸೀವರ್ ಕಡೆ ಎ, ಬಿ, ಝಡ್ ಮೂರೂ ಸಿಗ್ನಲ್ ಜೋಡಿಗೆ 120 ಓಮ್ ಟರ್ಮಿನೇಷನ್ (ಜೋಡಿಯ ತುದಿಗೆ ಅಡ್ಡ ಕೂರುವ ರೆಸಿಸ್ಟರ್) ಹಾಕುತ್ತೇವೆ. ಪ್ರತಿ ಜೋಡಿಯಲ್ಲಿ 20 ಮಿಲಿಆಂಪ್‌ಗಿಂತ ಜಾಸ್ತಿಯೇ ಹರಿಯುತ್ತದೆ. ಅದನ್ನು ಕೊಡೋದು ಎನ್‌ಕೋಡರ್‌ನ ಡ್ರೈವರ್, ಅಂದರೆ ಕೊನೆಗೆ ನಮ್ಮ 5 ವೋಲ್ಟೇ. 80ಕ್ಕೆ ಇನ್ನೊಂದು 70 ಸೇರಿ ಒಂದು ಎನ್‌ಕೋಡರ್‌ಗೆ 150 ಆಯ್ತು. ಮೂರಕ್ಕೆ 450 ಮಿಲಿಆಂಪ್. ಮೊದಲ ಬೋರ್ಡ್‌ನಲ್ಲಿ ನನಗೆ ಲೆಕ್ಕ ತಪ್ಪಿದ್ದು ಇಲ್ಲೇ.

ಡ್ರೈವ್‌ಗಳ ಸ್ಟೆಪ್, ಡೈರೆಕ್ಷನ್, ಎನೇಬಲ್ ಇನ್‌ಪುಟ್‌ಗಳ ಒಳಗೆ ಆಪ್ಟೋಕಪ್ಲರ್ (ತಂತಿ ಸೇರಿಸದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಇರುತ್ತದೆ. ಒಂದೊಂದಕ್ಕೆ 10 ಮಿಲಿಆಂಪ್‌ನಂತೆ ಒಂಬತ್ತಕ್ಕೆ 90. 3.3 ವೋಲ್ಟ್ ಕಡೆಯ ಕಂಟ್ರೋಲರ್, ಎತರ್‌ನೆಟ್ ಚಿಪ್, ಲೈನ್ ರಿಸೀವರ್ ಎಲ್ಲ ಸೇರಿ 300 ಇರಲಿ. ಎತರ್‌ನೆಟ್ ಚಿಪ್ ಒಂದೇ ಸುಮಾರು 130 ನುಂಗುತ್ತದೆ. ಎಲ್ಇಡಿ, ಬಫರ್ (ಕಂಟ್ರೋಲರ್‌ನ ಸಿಗ್ನಲ್‌ಗೆ ಬಲ ಕೊಟ್ಟು ಮುಂದಕ್ಕೆ ದಾಟಿಸುವ ಚಿಪ್) ಇತ್ಯಾದಿಗೆ 60. ಒಟ್ಟು 900 ಮಿಲಿಆಂಪ್. ಮೇಲೆ ಮೂರನೇ ಒಂದು ಪಾಲು ಕೈ ಬಿಟ್ಟು ಹಾಕಿ 1.2 ಆಂಪ್ ಅಂತ ಗೆರೆ ಎಳೆಯೋಣ.

ಲಿಮಿಟ್ ಸ್ವಿಚ್, ಪ್ರಾಕ್ಸಿಮಿಟಿ ಸೆನ್ಸರ್, ರಿಲೇ ಕಾಯಿಲ್ ಈ ಪಟ್ಟಿಯಲ್ಲಿ ಇಲ್ಲ. ಅವೆಲ್ಲ 24 ವೋಲ್ಟ್‌ನಲ್ಲೇ ಓಡಲಿ. ಹತ್ತು ಮೀಟರ್ ವೈರ್‌ನಲ್ಲಿ 5 ವೋಲ್ಟ್‌ನ ಲಿಮಿಟ್ ಸಿಗ್ನಲ್ ಓಡಿಸಿ, ಸ್ಪಿಂಡಲ್ ಆನ್ ಮಾಡಿದ ಕೂಡಲೇ ‘ಲಿಮಿಟ್ ತಾಗಿತು’ ಅಂತ ಮೆಷಿನ್ ನಿಲ್ಲುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 3: ಲೀನಿಯರ್ ಯಾಕೆ ಆಗಲ್ಲ

24ರಿಂದ 5ಕ್ಕೆ ಇಳಿಸುವಾಗ 7805 ಮೇಲೆ 19 ವೋಲ್ಟ್ ನಿಲ್ಲುತ್ತದೆ. 0.9 ಆಂಪ್‌ಗೆ ಗುಣಿಸಿದರೆ 17 ವ್ಯಾಟ್ ಬಿಸಿ. ಲಾಜಿಕ್‌ಗೆ ಸಿಗೋದು ನಾಲ್ಕೂವರೆ ವ್ಯಾಟ್. ಬಾಗಿಲು ಮುಚ್ಚಿದ ಪ್ಯಾನೆಲ್‌ನಲ್ಲಿ 17 ವ್ಯಾಟ್ ಅಂದರೆ ಒಳಗೊಂದು ಸಣ್ಣ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಪ್ಯಾನೆಲ್ ಒಳಗೆ 55ರಿಂದ 60 ಡಿಗ್ರಿ ಅಂತಲೇ ನಾನು ಲೆಕ್ಕ ಹಿಡಿಯುತ್ತೇನೆ.

ಹಾಗಾಗಿ 24ರಿಂದ 5ಕ್ಕೆ ಬಕ್ ಕನ್ವರ್ಟರ್ (ವೇಗವಾಗಿ ಆನ್ ಆಫ್ ಮಾಡಿ, ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್), 5ರಿಂದ 3.3ಕ್ಕೆ ಸಣ್ಣ ಲೀನಿಯರ್. ಈ ಜೋಡಿ ಹಳೆಯದು, ಆದರೆ ಕೈ ಕೊಡಲ್ಲ.

ಹೆಜ್ಜೆ 4: ಬಾಗಿಲ ಕಾವಲು

ಇಡೀ ಬೋರ್ಡ್‌ನಲ್ಲಿ ನಾನು ಜಾಸ್ತಿ ಹೊತ್ತು ಕೂರೋದು ಇಲ್ಲೇ. ರೆಗ್ಯುಲೇಟರ್ ಚಿಪ್ ಆಯ್ಕೆ ಆಮೇಲಿನ ಮಾತು. ಯಾಕೆಂದರೆ ಬಾಗಿಲಲ್ಲಿ ಎಷ್ಟು ವೋಲ್ಟ್ ಒಳಗೆ ಬಿಡುತ್ತೇವೆ ಅನ್ನೋದೇ ಚಿಪ್‌ನ ವೋಲ್ಟೇಜ್ ತೀರ್ಮಾನ ಮಾಡುತ್ತದೆ.

ಸಾಲು ಹೀಗಿದೆ: ಟರ್ಮಿನಲ್, ಫ್ಯೂಸ್, ಟಿವಿಎಸ್ ಡಯೋಡ್ (ಥಟ್ಟನೆ ಬರುವ ವೋಲ್ಟೇಜ್ ಏಟು ನುಂಗುವುದು), ಸರಣಿ ಡಯೋಡ್, ದೊಡ್ಡ ಕೆಪಾಸಿಟರ್, ಆಮೇಲೆ ಬಕ್.

ಫ್ಯೂಸ್‌ಗೆ ತಾನೇ ಚೇತರಿಸಿಕೊಳ್ಳುವ ಪಿಟಿಸಿ ಹಾಕಬಹುದು. ನಮ್ಮ 1.2 ಆಂಪ್, 5 ವೋಲ್ಟ್ ಅಂದರೆ 6 ವ್ಯಾಟ್. ಬಕ್‌ನ ನಷ್ಟ ಸೇರಿಸಿ 7 ವ್ಯಾಟ್. 24 ವೋಲ್ಟ್ ಕಡೆ ಅದು 0.3 ಆಂಪ್ ಅಷ್ಟೇ. ಆದರೆ ಪಿಟಿಸಿಯ ತಾಕತ್ತು ಬಿಸಿ ಏರಿದ ಹಾಗೆ ಇಳಿಯುತ್ತದೆ. 60 ಡಿಗ್ರಿಯಲ್ಲಿ ಮೂರನೇ ಒಂದು ಪಾಲು ಕಳೆದುಕೊಂಡರೂ ಸಾಕಾಗುವಂತೆ 0.75 ಆಂಪ್‌ನದು ತಗೊಳ್ಳಿ. ಅದರ ವೋಲ್ಟೇಜ್ ರೇಟಿಂಗ್ ಕೂಡ ನೋಡಿ. 16 ವೋಲ್ಟ್‌ನ ಪಿಟಿಸಿ ನೋಡೋಕೆ ಹಾಗೇ ಇರುತ್ತದೆ, 24 ವೋಲ್ಟ್‌ನಲ್ಲಿ ಟ್ರಿಪ್ ಆದಾಗ ಹೊತ್ತಿಕೊಳ್ಳಬಹುದು. 60 ವೋಲ್ಟ್‌ನ ಕಾಲಿರುವ ದುಂಡು ಬಗೆ ನನ್ನ ಆಯ್ಕೆ.

ಟಿವಿಎಸ್‌ಗೆ ಎಸ್‌ಎಂಬಿಜೆ33ಸಿಎ. 33 ವೋಲ್ಟ್‌ವರೆಗೆ ಅದು ಸುಮ್ಮನಿರುತ್ತದೆ, 28.8ಕ್ಕೆ ತೊಂದರೆ ಇಲ್ಲ. ದೊಡ್ಡ ಏಟು ಬಿದ್ದಾಗ 11 ಆಂಪ್ ನುಂಗಿ 53 ವೋಲ್ಟ್‌ನಲ್ಲಿ ತಡೆ ಹಿಡಿಯುತ್ತದೆ. ಬಹಳ ಜನ 33 ಅನ್ನೋ ಅಂಕಿ ನೋಡಿ ‘ಓ, 33ಕ್ಕೆ ನಿಲ್ಲಿಸುತ್ತೆ’ ಅಂದುಕೊಳ್ಳುತ್ತಾರೆ. ಇಲ್ಲ, 53. ನಿಮ್ಮ ಬಕ್ ಚಿಪ್ 40 ವೋಲ್ಟ್‌ನದಾದರೆ ಈ ಕಾವಲುಗಾರ ಏಳುವ ಹೊತ್ತಿಗೆ ಒಳಗೆ ಕಳ್ಳತನ ಮುಗಿದಿರುತ್ತದೆ. ಇದೇ ಕಾರಣಕ್ಕೆ 60 ವೋಲ್ಟ್‌ನ ಚಿಪ್ ಬೇಕು ಅನ್ನೋದು.

ಸರಣಿ ಡಯೋಡ್‌ಗೆ ಎರಡು ಕೆಲಸ. ಉಲ್ಟಾ ಪೋಲಾರಿಟಿ ತಡೆಯುವುದು ಒಂದು. ಪ್ಯಾನೆಲ್‌ನಲ್ಲಿ ದೊಡ್ಡ ಸೊಲೆನಾಯ್ಡ್ ಎಳೆದು 24 ವೋಲ್ಟ್ ಒಂದು ಗಳಿಗೆ ಕುಸಿದರೆ, ನಮ್ಮ ಕೆಪಾಸಿಟರ್‌ನ ಕೂಡಿಟ್ಟ ಕರೆಂಟ್ ಹಿಂದಕ್ಕೆ ಹರಿಯದಂತೆ ನೋಡಿಕೊಳ್ಳುವುದು ಇನ್ನೊಂದು. ಪಿ-ಮಾಸ್‌ಫೆಟ್ ಹಾಕಿದರೆ ವೋಲ್ಟೇಜ್ ನಷ್ಟ ಕಡಿಮೆ, ನಿಜ. ಆದರೆ ಸಾದಾ ಜೋಡಣೆಯಲ್ಲಿ ಅದು ಈ ಎರಡನೇ ಕೆಲಸ ಮಾಡಲ್ಲ. ಗೇಟ್‌ಗೆ ಝೀನರ್ ಬೇರೆ ಬೇಕು, ಇಲ್ಲದಿದ್ದರೆ 20 ವೋಲ್ಟ್ ಮಿತಿಯ ಗೇಟ್ 24 ವೋಲ್ಟ್‌ಗೆ ತೂತು ಬೀಳುತ್ತದೆ. 0.3 ಆಂಪ್‌ಗೆ ಶಾಟ್ಕಿ ಡಯೋಡ್ ಸುಡೋದು 0.2 ವ್ಯಾಟ್‌ಗಿಂತ ಕಡಿಮೆ. ಅಷ್ಟಕ್ಕೆ ಯಾಕೆ ತಲೆನೋವು?

ಡಯೋಡ್‌ನ ವೋಲ್ಟೇಜ್‌ನಲ್ಲಿ ಮಾತ್ರ ಜಿಪುಣತನ ಬೇಡ. ಕೆಪಾಸಿಟರ್‌ನಲ್ಲಿ 24 ವೋಲ್ಟ್ ತುಂಬಿದೆ, ಅದೇ ಹೊತ್ತಿಗೆ ಹೊರಗಿಂದ ಮೈನಸ್ ದಿಕ್ಕಿನ ಏಟು ಬಂದು ಟಿವಿಎಸ್ ಅದನ್ನು ಮೈನಸ್ 53ರಲ್ಲಿ ಹಿಡಿಯಿತು ಅನ್ನಿ. ಡಯೋಡ್ ಮೇಲೆ ಎರಡೂ ಸೇರಿ 77 ವೋಲ್ಟ್. 60 ವೋಲ್ಟ್‌ನ ಎಸ್‌ಎಸ್36 ಸಾಲದು. 100 ವೋಲ್ಟ್‌ನ ಎಸ್‌ಎಸ್310 ಹಾಕಿ. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ಈಗ ಕೆಪಾಸಿಟರ್. 24 ವೋಲ್ಟ್ 10 ಮಿಲಿಸೆಕೆಂಡ್ ಮಾಯವಾದರೂ ಬೋರ್ಡ್ ಬದುಕಿರಬೇಕು ಅಂತ ಇಟ್ಟುಕೊಳ್ಳೋಣ. 7 ವ್ಯಾಟ್‌ಗೆ 10 ಮಿಲಿಸೆಕೆಂಡ್ ಅಂದರೆ 0.07 ಜೂಲ್ ಶಕ್ತಿ. ಲೈನ್ ಕೆಳಗಿನ ಅಂಚಿನಲ್ಲಿದ್ದಾಗ ಡಯೋಡ್ ದಾಟಿ ಸುಮಾರು 19.9 ವೋಲ್ಟ್ ಇರುತ್ತದೆ. ಬಕ್ 8 ವೋಲ್ಟ್‌ವರೆಗೆ ಎಳೆಯುತ್ತದೆ. ಶಕ್ತಿಯ ಎರಡರಷ್ಟನ್ನು ಈ ಎರಡು ವೋಲ್ಟೇಜ್‌ಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಿ. 0.14 ಭಾಗಿಸು 332. ಸಿಗೋದು 420 ಮೈಕ್ರೋಫ್ಯಾರಡ್. ಅಂಗಡಿಯಲ್ಲಿ ಸಿಗೋದು 470. ವೋಲ್ಟೇಜ್ 63 ಇರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಗೆ ಹೋದರೂ ಇದು ಸಿಗುವ ಮಾಲು. ತಗೊಳ್ಳುವಾಗ 105 ಡಿಗ್ರಿ ಅಂತ ಬರೆದದ್ದನ್ನೇ ತಗೊಳ್ಳಿ. ಎಲೆಕ್ಟ್ರೋಲಿಟಿಕ್‌ನ ಆಯುಸ್ಸು ಬಿಸಿ 10 ಡಿಗ್ರಿ ಇಳಿದಾಗ ಸುಮಾರು ಎರಡು ಪಟ್ಟಾಗುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಅಂದದ್ದು 65 ಡಿಗ್ರಿಯಲ್ಲಿ 32,000 ಗಂಟೆ. ಹಗಲೂ ರಾತ್ರಿ ಓಡಿದರೆ ಮೂರೂವರೆ ವರ್ಷದ ಚಿಲ್ಲರೆ. ಸಾಲದು ಅನಿಸಿದರೆ 5000 ಗಂಟೆಯದು ಹುಡುಕಿ. ಇಂಡಕ್ಟರ್, ಡಯೋಡ್ ಪಕ್ಕ ಒತ್ತಿಕೊಂಡು ಕೂರಿಸಬೇಡಿ.

ಈ ಎಲೆಕ್ಟ್ರೋಲಿಟಿಕ್‌ಗೆ ಇನ್ನೊಂದು ಗುಟ್ಟಿನ ಕೆಲಸ ಇದೆ. ಬಕ್‌ನ ಬಾಯಲ್ಲಿ ಸೆರಾಮಿಕ್ ಕೆಪಾಸಿಟರ್ ಇರಲೇಬೇಕು. ಬರೀ ಸೆರಾಮಿಕ್ ಇದ್ದು, ಯಾರಾದರೂ ಚಾಲೂ ಇರುವ 24 ವೋಲ್ಟ್ ಪ್ಲಗ್ ಚುಚ್ಚಿದರು ಅನ್ನಿ. ಎರಡು ಮೀಟರ್ ವೈರ್‌ನ ಇಂಡಕ್ಟೆನ್ಸ್ ಜೊತೆ ಸೆರಾಮಿಕ್ ಉಯ್ಯಾಲೆ ಆಡುತ್ತದೆ. ವೋಲ್ಟೇಜ್ ಹತ್ತಿರ ಹತ್ತಿರ ಎರಡು ಪಟ್ಟು, ಅಂದರೆ 48ರವರೆಗೆ ಹಾರಬಹುದು. ಕಾಪಾಡಲಿ ಅಂತ ಹಾಕಿದ ಕೆಪಾಸಿಟರೇ ಚಿಪ್ ಸುಡುವುದು. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ ಅಲ್ವಾ? ಪಕ್ಕದಲ್ಲಿ ಎಲೆಕ್ಟ್ರೋಲಿಟಿಕ್ ಇದ್ದರೆ ಅದರ ಒಳಗಿನ ರೆಸಿಸ್ಟೆನ್ಸ್ ಆ ಉಯ್ಯಾಲೆಯನ್ನು ಹಿಡಿದು ನಿಲ್ಲಿಸುತ್ತದೆ. ‘ಸೆರಾಮಿಕ್ ಒಳ್ಳೇದು, ಎಲೆಕ್ಟ್ರೋಲಿಟಿಕ್ ಹಳೇದು’ ಅಂತ ಅದನ್ನು ಕಿತ್ತು ಹಾಕುವ ಮುಂಚೆ ಇದು ನೆನಪಿರಲಿ.

ಹೆಜ್ಜೆ 5: ಬಕ್ ಕನ್ವರ್ಟರ್

60 ವೋಲ್ಟ್ ತಡೆಯುವ ಚಿಪ್ ಬೇಕು ಅಂತಾಯ್ತು. ನಾನು ಎಲ್‌ಎಂಆರ್16030 ಬಳಸುತ್ತೇನೆ. 4.3ರಿಂದ 60 ವೋಲ್ಟ್, 3 ಆಂಪ್, ಕಾಂಪೆನ್ಸೇಷನ್ ಒಳಗೇ ಇದೆ. ಎಲ್‌ಎಂ2596ಎಚ್‌ವಿ ಕೂಡ ಆಗುತ್ತದೆ. ಅದರ ಸ್ವಿಚಿಂಗ್ 150 ಕಿಲೋಹರ್ಟ್ಸ್, ಹಾಗಾಗಿ ಇಂಡಕ್ಟರ್ ದೊಡ್ಡದು.

ಎಲ್‌ಎಂ2596ರ ಮಾತು ಬಂತಲ್ಲ, ಒಂದು ಎಚ್ಚರಿಕೆ. ಬಹಳ ಅಗ್ಗಕ್ಕೆ ಸಿಗುವ ಮಾಡ್ಯೂಲ್‌ಗಳಲ್ಲಿ ನಕಲಿ ಚಿಪ್ ಸಾಮಾನ್ಯ. ಸ್ಕೋಪ್ ಹಿಡಿದು ನೋಡಿದರೆ 150ರ ಬದಲು 50 ಕಿಲೋಹರ್ಟ್ಸ್ ಸುತ್ತಮುತ್ತ ಓಡುತ್ತಿರುತ್ತವೆ. ರಿಪಲ್ (ಸ್ವಿಚಿಂಗ್‌ನಿಂದಾಗುವ ಏರಿಳಿತ) ಜಾಸ್ತಿ, ಬಿಸಿ ಜಾಸ್ತಿ. ಕಾಲೇಜು ಪ್ರಾಜೆಕ್ಟ್‌ಗೆ ಓಕೆ, ಮೆಷಿನ್‌ಗೆ ಬೇಡ.

ಎಲ್‌ಎಂಆರ್16030 ಅನ್ನು 500 ಕಿಲೋಹರ್ಟ್ಸ್‌ಗೆ ಇಡೋಣ. ಇಂಡಕ್ಟರ್‌ಗೆ ಅತಿ ಕಷ್ಟದ ಸ್ಥಿತಿ ಅತಿ ಹೆಚ್ಚಿನ ಇನ್‌ಪುಟ್, ಅಂದರೆ 28.8 ವೋಲ್ಟ್. ಔಟ್‌ಪುಟ್ 5ನ್ನು ವ್ಯತ್ಯಾಸ 23.8ರಿಂದ ಗುಣಿಸಿ. ಬಂದದ್ದನ್ನು 28.8, 500 ಕಿಲೋಹರ್ಟ್ಸ್, ಮತ್ತು ನಮಗೆ ಸಮ್ಮತವಾದ 0.6 ಆಂಪ್ ರಿಪಲ್, ಈ ಮೂರರ ಗುಣಲಬ್ಧದಿಂದ ಭಾಗಿಸಿ. 13.8 ಮೈಕ್ರೋಹೆನ್ರಿ ಬಂತು. 15 ಹಾಕಿ. ಸ್ಯಾಚುರೇಷನ್ ಕರೆಂಟ್ (ಇಂಡಕ್ಟರ್ ತನ್ನ ಗುಣ ಕಳೆದುಕೊಳ್ಳುವ ಮಿತಿ) 2 ಆಂಪ್ ಸಾಕಲ್ವಾ ಅನಿಸಬಹುದು. ಆದರೆ ಔಟ್‌ಪುಟ್ ಶಾರ್ಟ್ ಆದಾಗ ಚಿಪ್ ತನ್ನ ಮಿತಿಯವರೆಗೂ ಕರೆಂಟ್ ತಳ್ಳುತ್ತದೆ. ಅಷ್ಟರಲ್ಲಿ ಇಂಡಕ್ಟರ್ ಸ್ಯಾಚುರೇಟ್ ಆದರೆ ಅದು ಬರೀ ತಂತಿ. 5 ಆಂಪ್‌ನ ಸುತ್ತ ಇರುವ, ಮೈ ಮುಚ್ಚಿದ ಶೀಲ್ಡೆಡ್ ಇಂಡಕ್ಟರ್ ತಗೊಳ್ಳಿ.

ಫೀಡ್‌ಬ್ಯಾಕ್‌ನ ರೆಫರೆನ್ಸ್ 0.75 ವೋಲ್ಟ್. ಮೇಲೆ 68 ಕಿಲೋಓಮ್, ಕೆಳಗೆ 12 ಕಿಲೋಓಮ್ ಹಾಕಿದರೆ ಕರೆಕ್ಟಾಗಿ 5.0 ವೋಲ್ಟ್. ಆದರೆ ನಾನು 68ರ ಜೊತೆ ಸರಣಿಯಲ್ಲಿ ಒಂದು 1.5 ಕಿಲೋಓಮ್ ಸೇರಿಸಿ 5.09 ಮಾಡುತ್ತೇನೆ. ಯಾಕೆ ಅಂತ ಏಳನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಕೆಪಾಸಿಟರ್‌ಗಳಲ್ಲಿ ಒಂದು ಮೋಸ ಇದೆ. ಸೆರಾಮಿಕ್ ಮೇಲೆ ಬರೆದ ಅಂಕಿ ಡಿಸಿ ವೋಲ್ಟೇಜ್ ಇಲ್ಲದಾಗಿನದು. ವೋಲ್ಟೇಜ್ ಏರಿದ ಹಾಗೆ ಅದು ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಯಬಹುದು. ಗಾತ್ರ ಚಿಕ್ಕದಾದಷ್ಟೂ ಇಳಿತ ಜಾಸ್ತಿ. ಅದಕ್ಕೇ ಇನ್‌ಪುಟ್‌ಗೆ 100 ವೋಲ್ಟ್‌ನ, 1210 ಗಾತ್ರದ 2.2 ಮೈಕ್ರೋಫ್ಯಾರಡ್ ಎರಡು. ಔಟ್‌ಪುಟ್‌ಗೆ 47 ಮೈಕ್ರೋಫ್ಯಾರಡ್ ಎರಡು, 10 ವೋಲ್ಟ್‌ನವು. ತಯಾರಕರ ಗ್ರಾಫ್ ನೋಡಿ, ನಿಜವಾಗಿ ಎಷ್ಟು ಉಳಿಯುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಲೇಔಟ್‌ನಲ್ಲಿ ಒಂದೇ ಒಂದು ಕಡೆ ಹಟ ಹಿಡಿಯಿರಿ. ಇನ್‌ಪುಟ್ ಸೆರಾಮಿಕ್, ಚಿಪ್, ಫ್ರೀವೀಲ್ ಡಯೋಡ್ (ಚಿಪ್ ಆಫ್ ಆದಾಗ ಇಂಡಕ್ಟರ್‌ನ ಕರೆಂಟ್‌ಗೆ ದಾರಿ ಕೊಡುವುದು) ಈ ಮೂರರ ಸುತ್ತಿನ ದಾರಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೇದು. ಕರೆಂಟ್ ಥಟ್ಟನೆ ಆನ್ ಆಫ್ ಆಗೋದು ಆ ಸುತ್ತಿನಲ್ಲೇ. ಫೀಡ್‌ಬ್ಯಾಕ್ ಟ್ರೇಸ್ ಇಂಡಕ್ಟರ್ ಕೆಳಗೆ ಹಾಯದಿರಲಿ. ಕೆಳಗಿನ ಗ್ರೌಂಡ್ ಪ್ಲೇನ್ ಸೀಳದಿರಲಿ.

ಹೆಜ್ಜೆ 6: 3.3 ವೋಲ್ಟ್

ಇಲ್ಲಿ ಹೆಚ್ಚು ಹೇಳೋದಿಲ್ಲ. 5ರಿಂದ 3.3ಕ್ಕೆ 0.3 ಆಂಪ್ ಅಂದರೆ ಅರ್ಧ ವ್ಯಾಟ್. ಎಸ್‌ಒಟಿ-223 ಪ್ಯಾಕೇಜ್‌ನ ರೆಗ್ಯುಲೇಟರ್ ಸ್ವಲ್ಪ ತಾಮ್ರ ಕೊಟ್ಟರೆ ತಡೆದುಕೊಳ್ಳುತ್ತದೆ. ಎಲ್ಲರ ಕೈಗೂ ಮೊದಲು ಸಿಗೋದು ಎಎಂಎಸ್1117. ಅದು ತನ್ನ ಮೇಲೆ 1.1ರಿಂದ 1.3 ವೋಲ್ಟ್ ಕೇಳುತ್ತದೆ, ಅಂದರೆ 5 ವೋಲ್ಟ್ 4.6ಕ್ಕಿಂತ ಕೆಳಗೆ ಬಿದ್ದರೆ 3.3 ಕೂಡ ಅಲ್ಲಾಡುತ್ತದೆ. ಔಟ್‌ಪುಟ್‌ಗೆ 22 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಹಾಕಿ. ಬರೀ ಸೆರಾಮಿಕ್ ಹಾಕಿದರೆ ಕೆಲವು ಸಲ ಆಸಿಲೇಟ್ ಆಗುತ್ತದೆ. ಸೆರಾಮಿಕ್ ಜೊತೆ ಹೊಂದಿಕೊಳ್ಳುವ ಟಿಎಲ್‌ವಿ1117ಎಲ್‌ವಿ ಒಳ್ಳೆಯ ಬದಲಿ, ಆದರೆ ಅದರ ಇನ್‌ಪುಟ್ 5.5 ವೋಲ್ಟ್ ದಾಟಬಾರದು.

ಹೆಜ್ಜೆ 7: ಎನ್‌ಕೋಡರ್‌ಗೆ ಹೋಗುವ 5 ವೋಲ್ಟ್

ಬೋರ್ಡ್‌ನಿಂದ ಹೊರಗೆ ಹೋಗುವ 5 ವೋಲ್ಟ್ ಅಂದರೆ ಊರಾಚೆ ಹೋದ ದನ. ಕೇಬಲ್ ಚೈನ್‌ನಲ್ಲಿ ಮಡಚಿ ಮಡಚಿ ಒಂದು ದಿನ ಶಾರ್ಟ್ ಆಗೇ ಆಗುತ್ತದೆ. ವೈ ಆಕ್ಸಿಸ್‌ನ ಕೇಬಲ್ ಶಾರ್ಟ್ ಆದರೆ ಕಂಟ್ರೋಲರ್‌ಗೂ ಕರೆಂಟ್ ಹೋಗಬಾರದು. ಅದಕ್ಕೆ ಪ್ರತಿ ಎನ್‌ಕೋಡರ್ ಕನೆಕ್ಟರ್‌ಗೂ ಬೇರೆ ಪಿಟಿಸಿ. ಕೈಯಲ್ಲಿ ಕಾಸಿದ್ದರೆ ಕರೆಂಟ್ ಮಿತಿ ಇರುವ ಟಿಪಿಎಸ್2553 ಥರದ ಸ್ವಿಚ್. ಪಿಟಿಸಿ ಟ್ರಿಪ್ ಆಗಲು ಸಮಯ ತಗೊಳ್ಳುತ್ತದೆ, ಅಷ್ಟರಲ್ಲಿ 5 ವೋಲ್ಟ್ ಕುಸಿದಿರುತ್ತದೆ. ಸ್ವಿಚ್ ಮೈಕ್ರೋಸೆಕೆಂಡ್‌ಗಳಲ್ಲಿ ಹಿಡಿಯುತ್ತದೆ.

ಈಗ 5.09ರ ಕಥೆ. 24 ಗೇಜ್ ವೈರ್ ಮೀಟರ್‌ಗೆ 0.084 ಓಮ್. ಹತ್ತು ಮೀಟರ್ ಕೇಬಲ್ ಅಂದರೆ ಹೋಗಿ ಬರೋದು 20 ಮೀಟರ್, 1.7 ಓಮ್. 150 ಮಿಲಿಆಂಪ್‌ಗೆ 0.25 ವೋಲ್ಟ್ ಇಳಿತ. 5 ವೋಲ್ಟ್ ಕಳಿಸಿದರೆ ಆ ತುದಿಗೆ ಮುಟ್ಟೋದು 4.75. ಬಹಳಷ್ಟು ಎನ್‌ಕೋಡರ್‌ಗಳ ಕೆಳಮಿತಿಯೂ ಅದೇ 4.75. ಪಿಟಿಸಿಯ ನಷ್ಟ ಸೇರಿದರೆ ಗೆರೆ ದಾಟಿದಂತೆ. ನಲ್ಲಿ ಸಾಲಿನ ಕೊನೇ ಮನೆಗೆ ನೀರು ಮುಟ್ಟದ ಹಾಗೆ. ಬೋರ್ಡ್‌ನಲ್ಲಿ 5.09 ಇಟ್ಟರೆ ಸ್ವಲ್ಪ ಉಸಿರು ಸಿಗುತ್ತದೆ. ಅಷ್ಟೇ ಸಾಲದು, ಕೇಬಲ್‌ನಲ್ಲಿ ಖಾಲಿ ಕೋರ್ ಇದ್ದರೆ 5 ವೋಲ್ಟ್‌ಗೆ ಎರಡು, ಗ್ರೌಂಡ್‌ಗೆ ಎರಡು ಜೋಡಿಸಿ. ಇಳಿತ ಅರ್ಧಕ್ಕೆ ಬರುತ್ತದೆ.

ಹೆಜ್ಜೆ 8: ಆನ್ ಆಗುವ ಗಳಿಗೆ, ಆಫ್ ಆಗುವ ಗಳಿಗೆ

ನನ್ನ ಎಕ್ಸ್ ಆಕ್ಸಿಸ್ ಜಿಗಿದಿದ್ದು ಯಾಕೆ? 5 ವೋಲ್ಟ್ ಮೊದಲು ಬಂತು. ಬಫರ್ ಎಚ್ಚರವಾಯ್ತು. ಕಂಟ್ರೋಲರ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅದರ ಪಿನ್‌ಗಳು ಗಾಳಿಯಲ್ಲಿ ತೇಲುತ್ತಿದ್ದವು. ಬಫರ್ ಆ ಗಾಳಿಯನ್ನೇ ಸ್ಟೆಪ್ ಪಲ್ಸ್ ಅಂತ ಓದಿ ಡ್ರೈವ್‌ಗೆ ದಾಟಿಸಿತು.

ಪರಿಹಾರ ಹೀಗೆ. ಸ್ಟೆಪ್, ಡೈರೆಕ್ಷನ್ ಸಾಲುಗಳಿಗೆ 74ಎಚ್‌ಸಿಟಿ541 ಬಫರ್ ಹಾಕಿ. ಎಚ್‌ಸಿ ಅಲ್ಲ, ಎಚ್‌ಸಿಟಿ. 5 ವೋಲ್ಟ್‌ನಲ್ಲಿ ಓಡುವ ಎಚ್‌ಸಿಗೆ ಒಂದು ಅನ್ನಲು 3.5 ವೋಲ್ಟ್ ಬೇಕು, 3.3 ಸಾಲದು. ಎಚ್‌ಸಿಟಿಗೆ 2 ವೋಲ್ಟ್ ಸಾಕು. ಬಫರ್‌ನ ಪ್ರತಿ ಇನ್‌ಪುಟ್‌ಗೂ ಪುಲ್‌ಡೌನ್ (ಗ್ರೌಂಡ್‌ಗೆ ಎಳೆದು ಹಿಡಿಯುವ ರೆಸಿಸ್ಟರ್) ಕೊಡಿ. ಅದರ ಔಟ್‌ಪುಟ್ ಎನೇಬಲ್ ಪಿನ್‌ಗೆ 5 ವೋಲ್ಟ್‌ಗೆ 10 ಕಿಲೋಓಮ್ ಪುಲ್‌ಅಪ್. ಆಗ ಬಫರ್ ಹುಟ್ಟುವಾಗಲೇ ಬಾಯಿ ಮುಚ್ಚಿಕೊಂಡಿರುತ್ತದೆ. ಬಾಯಿ ಬಿಡಿಸಲು ಒಂದು 2ಎನ್7002 ಮಾಸ್‌ಫೆಟ್, ಅದರ ಗೇಟ್ ಕಂಟ್ರೋಲರ್ ಕೈಯಲ್ಲಿ, ಗೇಟ್‌ಗೂ ಪುಲ್‌ಡೌನ್. ಕಂಟ್ರೋಲರ್ ಎದ್ದು, ತನ್ನ ಪರೀಕ್ಷೆ ಮುಗಿಸಿ, ಬೇಕಂತಲೇ ಒಂದು ಪಿನ್ ಎತ್ತಿದರೆ ಮಾತ್ರ ಪಲ್ಸ್ ಹೊರಗೆ ಹೋಗುತ್ತದೆ.

3.3 ವೋಲ್ಟ್ ಮೇಲೆ ಕಣ್ಣಿಡಲು ಮ್ಯಾಕ್ಸ್809 ಥರದ ರಿಸೆಟ್ ಚಿಪ್ ಹಾಕಿ. ಎಸ್ ಅಕ್ಷರದ್ದು 2.93 ವೋಲ್ಟ್‌ಗಿಂತ ಕೆಳಗೆ ಹೋದರೆ ರಿಸೆಟ್ ಎಳೆಯುತ್ತದೆ. ವೋಲ್ಟೇಜ್ ಸರಿಯಾದ ಮೇಲೂ ಕನಿಷ್ಠ 140 ಮಿಲಿಸೆಕೆಂಡ್ ಹಿಡಿದಿರುತ್ತದೆ.

ಕರೆಂಟ್ ಹೋಗುವ ಗಳಿಗೆಗೆ ಆ 10 ಮಿಲಿಸೆಕೆಂಡ್ ಕೂಡಿಟ್ಟಿದ್ದೇವಲ್ಲ, ಅದನ್ನು ಬಳಸಬೇಕು. ಸರಣಿ ಡಯೋಡ್‌ಗಿಂತ ಮುಂಚೆ 24 ವೋಲ್ಟ್ ಅಳೆಯಿರಿ. ಡಯೋಡ್ ಆದ ಮೇಲೆ ಅಳೆದರೆ ಕೆಪಾಸಿಟರ್ ಸುಳ್ಳು ಹೇಳುತ್ತದೆ. ಅದನ್ನು ಭಾಗಿಸಿ ಕಂಟ್ರೋಲರ್ ಪಿನ್‌ಗೆ ಕೊಡಲು ಮೇಲೆ 56 ಕಿಲೋಓಮ್, ಕೆಳಗೆ 3.3 ಕಿಲೋಓಮ್. ಟಿವಿಎಸ್ 53 ವೋಲ್ಟ್ ಬಿಟ್ಟರೂ ಪಿನ್‌ಗೆ 3 ವೋಲ್ಟ್ ದಾಟಲ್ಲ. ಉಲ್ಟಾ ಪೋಲಾರಿಟಿಗೆ ಒಂದು ಶಾಟ್ಕಿ ಕ್ಲಾಂಪ್ ಇರಲಿ. 18 ವೋಲ್ಟ್‌ಗಿಂತ ಕೆಳಗೆ ಇಳಿದ ತಕ್ಷಣ ಪಲ್ಸ್ ನಿಲ್ಲಿಸಿ, ಬಫರ್ ಬಾಯಿ ಮುಚ್ಚಿಸಿ, ಎನ್‌ಕೋಡರ್ ಎಣಿಕೆ ಬರೆದಿಟ್ಟುಕೊಳ್ಳಿ. ಫ್ಲ್ಯಾಶ್ ಅಳಿಸಿ ಬರೆಯಲು ಸಮಯ ಸಾಲದು. ಎಫ್‌ರಾಮ್ (ಅಳಿಸದೆ ತಕ್ಷಣ ಬರೆಯಬಹುದಾದ, ಕರೆಂಟ್ ಹೋದರೂ ಮರೆಯದ ಮೆಮೊರಿ) ಇದ್ದರೆ ಆರಾಮ.

ಎನೇಬಲ್ ಬಗ್ಗೆ ಒಂದು ಮಾತು. ಮಾರುಕಟ್ಟೆಯ ಬಹುಪಾಲು ಸ್ಟೆಪ್ಪರ್ ಡ್ರೈವ್‌ಗಳಲ್ಲಿ ಎನೇಬಲ್ ಪಿನ್ ಖಾಲಿ ಬಿಟ್ಟರೆ ಡ್ರೈವ್ ಆನ್. ಕರೆಂಟ್ ಕೊಟ್ಟರೆ ಆಫ್. ಹೆಸರಿಗೆ ಪೂರ್ತಿ ಉಲ್ಟಾ. ನಿಮ್ಮ ಬೋರ್ಡ್ ಸತ್ತರೂ ಮೋಟಾರ್ ಬಿಗಿಯಾಗೇ ಹಿಡಿದಿರುತ್ತದೆ. ಝಡ್ ಆಕ್ಸಿಸ್ ಕೆಳಗೆ ಬೀಳದಿರಲು ಅದು ಒಳ್ಳೆಯದೇ. ಆದರೆ ‘ಬೋರ್ಡ್ ಆಫ್, ಹಾಗಾದ್ರೆ ಮೋಟಾರ್ ಆಫ್’ ಅಂತ ನಂಬಿ ಯಾರೂ ಕೈ ಹಾಕಬಾರದು.

ಹೆಜ್ಜೆ 9: ಗ್ರೌಂಡ್

ಡ್ರೈವ್‌ನ ಇನ್‌ಪುಟ್‌ಗಳು ಆಪ್ಟೋ ದಾಟಿಯೇ ಒಳಗೆ ಹೋಗುತ್ತವೆ. ಹಾಗಿರುವಾಗ 48 ವೋಲ್ಟ್‌ನ ಮೈನಸ್ ಅನ್ನು ತಂದು ಬೋರ್ಡ್‌ಗೆ ಕಟ್ಟುವ ಅಗತ್ಯವೇ ಇಲ್ಲ. ಕಟ್ಟಿದರೆ ಆಪ್ಟೋ ಇದ್ದೂ ಇಲ್ಲದಂತೆ. 24 ವೋಲ್ಟ್‌ನ ಮೈನಸ್ ಅನ್ನು ಪ್ಯಾನೆಲ್‌ನಲ್ಲಿ ಒಂದೇ ಒಂದು ಕಡೆ ಅರ್ಥ್‌ಗೆ ಸೇರಿಸಿ.

ತೊಡಕು ಬರೋದು ಸ್ಪಿಂಡಲ್‌ನ 0ರಿಂದ 10 ವೋಲ್ಟ್ ಸಿಗ್ನಲ್‌ನಲ್ಲಿ. ವಿಎಫ್‌ಡಿಯ ಅನಲಾಗ್ ಕಾಮನ್ ನೇರ ನಮ್ಮ ಗ್ರೌಂಡ್‌ಗೆ ಸೇರಿದರೆ ಅದರ ಗದ್ದಲವೆಲ್ಲ ಎನ್‌ಕೋಡರ್ ಎಣಿಕೆಗೆ ಬರುತ್ತದೆ. ಆ ಭಾಗಕ್ಕೆ ಮಾತ್ರ 5ರಿಂದ 12 ವೋಲ್ಟ್‌ನ 1 ವ್ಯಾಟ್ ಐಸೊಲೇಟೆಡ್ ಮಾಡ್ಯೂಲ್ ಹಾಕಿ. ಈ ಅಗ್ಗದ ಮಾಡ್ಯೂಲ್‌ಗಳಲ್ಲಿ ರೆಗ್ಯುಲೇಷನ್ ಇರಲ್ಲ, ಲೋಡ್ ಇಲ್ಲದಿದ್ದರೆ ವೋಲ್ಟೇಜ್ ಮೇಲೇರುತ್ತದೆ. ಔಟ್‌ಪುಟ್‌ಗೆ ಅಡ್ಡ ಒಂದು 1.5 ಕಿಲೋಓಮ್ ಇಟ್ಟರೆ 8 ಮಿಲಿಆಂಪ್ ಎಳೆದು ಹದಕ್ಕೆ ತರುತ್ತದೆ.

ಹೆಜ್ಜೆ 10: ಪರೀಕ್ಷೆ

5 ವೋಲ್ಟ್ ಮತ್ತು ಉಳಿದ ಬೋರ್ಡ್ ನಡುವೆ ಪಿಸಿಬಿಯಲ್ಲೇ ಒಂದು ಸಾಲ್ಡರ್ ಜಂಪರ್ ಬಿಡಿ. ಮೊದಲು ಪವರ್ ಭಾಗ ಮಾತ್ರ ಜೋಡಿಸಿ, ಮೇಜಿನ ಪವರ್ ಸಪ್ಲೈನ ಕರೆಂಟ್ ಮಿತಿಯನ್ನು 100 ಮಿಲಿಆಂಪ್‌ಗೆ ಇಟ್ಟು ಆನ್ ಮಾಡಿ. 5.09 ಬಂದರೆ ಮಾತ್ರ ಜಂಪರ್ ಮುಚ್ಚಿ. ಫೀಡ್‌ಬ್ಯಾಕ್ ರೆಸಿಸ್ಟರ್ ತಪ್ಪಾಗಿ 12 ವೋಲ್ಟ್ ಬಂದು ಎಲ್ಲ ಚಿಪ್ ಒಟ್ಟಿಗೇ ಸುಟ್ಟ ಬೋರ್ಡ್ ಒಂದು ನನ್ನ ಡ್ರಾಯರ್‌ನಲ್ಲಿ ಇನ್ನೂ ಇದೆ.

ಆಮೇಲೆ ಪೂರ್ತಿ ಮಿತಿ ಬಿಟ್ಟು ಇಷ್ಟು ನೋಡಿ. 20.4 ಮತ್ತು 28.8 ವೋಲ್ಟ್ ಎರಡರಲ್ಲೂ 1.2 ಆಂಪ್ ಲೋಡ್‌ನಲ್ಲಿ ಅರ್ಧ ಗಂಟೆ ಓಡಿಸಿ, ಇಂಡಕ್ಟರ್, ಡಯೋಡ್, ಎಲೆಕ್ಟ್ರೋಲಿಟಿಕ್‌ಗಳ ಬಿಸಿ ಅಳೆಯಿರಿ. ಲೋಡ್ ಅನ್ನು 0.2ರಿಂದ 1 ಆಂಪ್‌ಗೆ ಥಟ್ಟನೆ ಏರಿಸಿದಾಗ 5 ವೋಲ್ಟ್ 250 ಮಿಲಿವೋಲ್ಟ್‌ಗಿಂತ ಜಾಸ್ತಿ ಮುಗ್ಗರಿಸಬಾರದು. ಸ್ಕೋಪ್ ಪ್ರೋಬ್‌ನ ಉದ್ದ ಮೊಸಳೆ ಕ್ಲಿಪ್ ತೆಗೆದು, ತುದಿಗೆ ಚಿಕ್ಕ ಸ್ಪ್ರಿಂಗ್ ಗ್ರೌಂಡ್ ಹಾಕಿ ಅಳೆಯಿರಿ. ಇಲ್ಲದಿದ್ದರೆ ನೀವು ನೋಡೋದು ರಿಪಲ್ ಅಲ್ಲ, ನಿಮ್ಮದೇ ಆಂಟೆನಾ. ಚಾಲೂ ಇರುವ 24 ವೋಲ್ಟ್ ಚುಚ್ಚಿ ಇನ್‌ಪುಟ್ ಎಷ್ಟು ಹಾರುತ್ತದೆ ನೋಡಿ. ಉಲ್ಟಾ ಚುಚ್ಚಿ. ಒಂದು ಎನ್‌ಕೋಡರ್‌ನ 5 ವೋಲ್ಟ್ ಶಾರ್ಟ್ ಮಾಡಿ, ಉಳಿದೆರಡು ಎಣಿಸುತ್ತಲೇ ಇವೆಯಾ ನೋಡಿ.

ಕೊನೆಯ ಪರೀಕ್ಷೆ ಮೆಷಿನ್ ಮೇಲೆ. ಸ್ಪಿಂಡಲ್ ಪೂರ್ತಿ ವೇಗದಲ್ಲಿ ತಿರುಗಲಿ, ಕೊಲೆಟ್ (ಟೂಲ್ ಹಿಡಿಯುವ ಬಾಯಿ) ಖಾಲಿ ಇರಲಿ. ಎಕ್ಸ್ ಆಕ್ಸಿಸ್‌ಗೆ ಒಂದು ಡಯಲ್ ಗೇಜ್ ತಾಗಿಸಿ ಸೊನ್ನೆಗೆ ಇಡಿ. 48 ವೋಲ್ಟ್ ಹಾಗೇ ಇರಲಿ, ಲಾಜಿಕ್‌ನ 24 ವೋಲ್ಟ್ ಪ್ಲಗ್ ಮಾತ್ರ ಕಿತ್ತು ಚುಚ್ಚಿ, ಕಿತ್ತು ಚುಚ್ಚಿ. ನಾನು ಇಪ್ಪತ್ತು ಸಲ ಮಾಡುತ್ತೇನೆ, ಒಮ್ಮೆ ನಿಧಾನಕ್ಕೆ, ಒಮ್ಮೆ ಕೈ ನಡುಗಿಸಿ. ಮುಳ್ಳು ಒಂದು ಗೆರೆ ಅಲ್ಲಾಡಿದರೂ ಎಂಟನೇ ಹೆಜ್ಜೆಗೆ ವಾಪಸ್.